ತಟ್ಟೆಯಲ್ಲಿ ಸಾಯುವ ಬ್ಯಾಕ್ಟೀರಿಯಾ ಮೈಯೊಳಗೆ ಏಕೆ ಸಾಯುವುದಿಲ್ಲ?

(ವಿಜ್ಞಾನ ವಿದ್ಯಾರ್ಥಿಗಳು ಮತ್ತು ಆಸಕ್ತ ಓದುಗರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಒಂದು ಚಿತ್ರ ಇದೆ, ನೋಡಿ. ದುಂಡನೆಯ ಪೆಟ್ರಿ ತಟ್ಟೆ. ಅದರ ತುಂಬ ಮಸುಕು ಬಿಳಿ ಪದರ. ಅದೆಲ್ಲ ಬ್ಯಾಕ್ಟೀರಿಯಾ. ಅಲ್ಲಲ್ಲಿ ಪುಟ್ಟ ಕಾಗದದ ಬಿಲ್ಲೆಗಳಿವೆ. ಒಂದು ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆದಿಲ್ಲ. ಅಲ್ಲಿ ತಿಳಿಯಾದ ವೃತ್ತ ಕಾಣುತ್ತದೆ. ಆ ಬಿಲ್ಲೆಗೆ ಯಾವುದೋ ಎಲೆಯ ಸಾರ ಹಾಕಿದ್ದಾರೆ.

ಇದನ್ನು ನೋಡಿದ ಕೂಡಲೇ "ಓ, ಔಷಧ ಸಿಕ್ಕಿತು" ಅನಿಸುತ್ತದೆ, ಅಲ್ವಾ? ಇಂಥ ಚಿತ್ರ ಇರುವ ಸಂಶೋಧನಾ ಲೇಖನಗಳು ಸಾವಿರಗಟ್ಟಲೆ ಇವೆ. ಬೇವು, ತುಳಸಿ, ಲವಂಗ, ಬೆಳ್ಳುಳ್ಳಿ, ಅರಿಶಿನ, ಯಾವ ಹೆಸರು ಬೇಕಾದರೂ ಹೇಳಿ. ಯಾರಾದರೂ ಒಬ್ಬರು ಅದನ್ನು ಅರೆದು, ಸೋಸಿ, ತಟ್ಟೆಯ ಮೇಲೆ ಇಟ್ಟು ನೋಡಿರುತ್ತಾರೆ. ಹೆಚ್ಚಿನ ಸಲ ವೃತ್ತವೂ ಬಂದಿರುತ್ತದೆ.

ಹಾಗಾದರೆ ಒಂದು ಲೆಕ್ಕ ಕೇಳುತ್ತೇನೆ. ನ್ಯುಮೋನಿಯಾಗೆ, ರಕ್ತದ ಸೋಂಕಿಗೆ ವೈದ್ಯರು ಕೊಡುವ ಆಂಟಿಬಯಾಟಿಕ್‌ಗಳಲ್ಲಿ ಗಿಡದಿಂದ ಬಂದದ್ದು ಎಷ್ಟು? ಹೇಳಿಕೊಳ್ಳುವಂಥದ್ದು ಒಂದೂ ಇಲ್ಲ. ಪೆನಿಸಿಲಿನ್ ಬಂದದ್ದು ಬೂಷ್ಟಿನಿಂದ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಎರಿತ್ರೊಮೈಸಿನ್, ವ್ಯಾಂಕೊಮೈಸಿನ್ ಬಂದದ್ದು ಮಣ್ಣಿನ ಬ್ಯಾಕ್ಟೀರಿಯಾಗಳಿಂದ. ಸಿಪ್ರೊಫ್ಲಾಕ್ಸಸಿನ್ ಪೂರ್ತಿ ಲ್ಯಾಬಿನಲ್ಲಿ ಕಟ್ಟಿದ್ದು. ಮಲೇರಿಯಾಗೆ ಗಿಡಗಳು ಕ್ವಿನೈನ್ ಕೊಟ್ಟಿವೆ, ಆರ್ಟೆಮಿಸಿನಿನ್ ಕೊಟ್ಟಿವೆ. ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್, ಟ್ಯಾಕ್ಸಾಲ್ ಕೊಟ್ಟಿವೆ. ಬ್ಯಾಕ್ಟೀರಿಯಾ ವಿಷಯಕ್ಕೆ ಬಂದರೆ ಮಾತ್ರ ಕೈ ಖಾಲಿ.

ತಟ್ಟೆಯಲ್ಲಿ ಇಷ್ಟು ಗೆಲುವು, ಆಸ್ಪತ್ರೆಯಲ್ಲಿ ಇಷ್ಟು ಸೋಲು. ಇದು ಯಾಕೆ ಹೀಗೆ? ಈ ಹೊತ್ತು ನಾನು ಮಾತಾಡುವುದು ಇದೊಂದರ ಬಗ್ಗೆಯೇ. ಗಿಡಗಳಲ್ಲಿ ಏನೂ ಇಲ್ಲ ಎಂದು ಹೇಳುವುದು ನನ್ನ ಉದ್ದೇಶ ಅಲ್ಲ. ನಾವು ಗಿಡಗಳಿಗೆ ಕೇಳುತ್ತಿರುವ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ವಾದ.

ವಿಷಯದ ತುರ್ತು ನಿಮಗೆ ಗೊತ್ತೇ ಇದೆ, ಬೇಗ ಹೇಳಿ ಮುಗಿಸುತ್ತೇನೆ. 2022ರಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಜನ. ಹೊಸ ಆಂಟಿಬಯಾಟಿಕ್‌ಗಳು ಬರುವುದು ನಿಧಾನವಾಗಿದೆ. ಹಾಗಾಗಿ ಎಲ್ಲರ ಕಣ್ಣು ಗಿಡಗಳ ಮೇಲೆ ಬೀಳುವುದು ಸಹಜ.

ಮೊದಲು ಗಿಡದ ಕಡೆಯಿಂದ ನೋಡೋಣ. ಗಿಡ ಓಡಿಹೋಗಲಾರದು. ಅದಕ್ಕೆ ನಮ್ಮ ಹಾಗೆ ರಕ್ತದಲ್ಲಿ ಓಡಾಡುವ ಬಿಳಿ ಕಣಗಳಿಲ್ಲ. ಎಲೆಗೆ, ಬೇರಿಗೆ ದಿನವೂ ಬ್ಯಾಕ್ಟೀರಿಯಾ, ಬೂಷ್ಟು ತಗಲುತ್ತಲೇ ಇರುತ್ತವೆ. ಅದು ಉಳಿದಿರುವುದು ಒಂದಿಷ್ಟು ಮಟ್ಟಿಗೆ ರಸಾಯನಿಕಗಳ ಬಲದಿಂದ. ಕೆಲವು ಮೊದಲೇ ಸಿದ್ಧವಾಗಿರುತ್ತವೆ. ಕೆಲವನ್ನು ಸೋಂಕು ತಗಲಿದ ಮೇಲೆ ಆ ಜಾಗದಲ್ಲೇ ತಯಾರಿಸಿಕೊಳ್ಳುತ್ತದೆ. ಈ ಎರಡನೆಯ ಬಗೆಯವಕ್ಕೆ ಫೈಟೊಅಲೆಕ್ಸಿನ್ ಅನ್ನುತ್ತಾರೆ.

ಬೆಳ್ಳುಳ್ಳಿಯ ಜಾಣತನ ನನಗೆ ಬಹಳ ಇಷ್ಟ. ಇಡಿಯಾಗಿರುವ ಬೆಳ್ಳುಳ್ಳಿ ಎಸಳಿಗೆ ಅಂಥ ವಾಸನೆ ಇರುವುದಿಲ್ಲ. ಗಮನಿಸಿದ್ದೀರಾ? ಅದರೊಳಗೆ ಅಲಿಯಿನ್ ಎಂಬ ವಸ್ತು ಒಂದು ಕಡೆ ಇರುತ್ತದೆ. ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಜಜ್ಜಿದಾಗ, ಅಥವಾ ಹುಳ ಕಚ್ಚಿದಾಗ, ಎರಡೂ ಸೇರುತ್ತವೆ. ಆಗ ಅಲಿಸಿನ್ ಹುಟ್ಟುತ್ತದೆ. ಅದನ್ನು 1944ರಲ್ಲಿ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿ ತೋರಿಸಿದರು. ಅಲಿಸಿನ್ ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅವನ್ನು ನಿಷ್ಕ್ರಿಯ ಮಾಡುತ್ತದೆ. ಒಂದಲ್ಲ, ಹತ್ತಾರು ಕಿಣ್ವಗಳನ್ನು. ತಟ್ಟೆಯಲ್ಲಿ ಅದರ ಪ್ರತಾಪ ನೋಡುವಂತಿರುತ್ತದೆ.

ಆದರೆ ಅದೇ ಅಲಿಸಿನ್ ನಮ್ಮ ಮೈಯೊಳಗೆ ಹೋದರೆ? ನಮ್ಮ ರಕ್ತದಲ್ಲೂ ಗಂಧಕದ ಗುಂಪುಗಳು ಬೇಕಾದಷ್ಟಿವೆ. ಸಿಕ್ಕ ಸಿಕ್ಕ ಕಡೆ ಅಂಟಿಕೊಂಡು ಅದು ಬೇಗ ಖರ್ಚಾಗಿ ಹೋಗುತ್ತದೆ. ಸೋಂಕಿನ ಜಾಗ ಮುಟ್ಟುವ ಮೊದಲೇ ಮುಗಿದಿರುತ್ತದೆ. ಜಜ್ಜುವ ಮೊದಲೇ ಬೇಯಿಸಿದರೆ ಕಿಣ್ವವೇ ಕೆಡುತ್ತದೆ, ಅಲಿಸಿನ್ ಹುಟ್ಟುವುದೇ ಇಲ್ಲ. ಗಿಡಕ್ಕೆ ಇದರಿಂದ ತೊಂದರೆ ಇಲ್ಲ. ಅದಕ್ಕೆ ಬೇಕಾಗಿದ್ದು ಗಾಯವಾದ ಜಾಗದಲ್ಲಿ, ಆ ಗಳಿಗೆಯಲ್ಲಿ, ಬೇಕಾದಷ್ಟು ಪ್ರಮಾಣದಲ್ಲಿ. ಈ ಮೂರನ್ನೂ ನಾವು ಲ್ಯಾಬಿಗೆ ತಂದಾಗ ಮರೆತುಬಿಡುತ್ತೇವೆ.

ಈಗ ಲ್ಯಾಬಿಗೆ ಹೋಗೋಣ.

ಮೊದಲ ಕೆಲಸ ಸಾರ ತೆಗೆಯುವುದು. ಯಾವುದರಲ್ಲಿ ತೆಗೆಯುತ್ತೀರಿ ಎನ್ನುವುದರ ಮೇಲೆ ಏನು ಬರುತ್ತದೆ ಎನ್ನುವುದು ನಿಂತಿದೆ. ನೀರಿನಲ್ಲಿ ಟ್ಯಾನಿನ್, ಸಕ್ಕರೆ, ಲವಣ ಬರುತ್ತವೆ. ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಣ್ಣೆ, ಮೇಣ ಬರುತ್ತವೆ. ಮೆಥನಾಲ್, ಎಥನಾಲ್ ಎರಡೂ ಕಡೆಯದನ್ನು ಸ್ವಲ್ಪ ಸ್ವಲ್ಪ ಎಳೆಯುತ್ತವೆ. ಅದಕ್ಕೇ ಎಲ್ಲರೂ ಅದನ್ನೇ ಬಳಸುವುದು. ಬಿಸಿಯೂ ಮುಖ್ಯ. ಆಗಲೇ ಹೇಳಿದ ಆರ್ಟೆಮಿಸಿನಿನ್ ಕಂಡುಹಿಡಿದ ಚೀನಾದ ತು ಯೂಯೂ ಅವರ ಕಥೆ ಕೇಳಿರಬಹುದು. ಅವರು ಹುಡುಕುತ್ತಿದ್ದದ್ದು ಮಲೇರಿಯಾ ಔಷಧ, ಬ್ಯಾಕ್ಟೀರಿಯಾದ್ದಲ್ಲ. ಆದರೂ ಪಾಠ ಒಂದೇ. ಬಿಸಿ ಮಾಡಿ ತೆಗೆದ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. 1971ರಲ್ಲಿ ಅವರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ, ಕಡಿಮೆ ಬಿಸಿಯಲ್ಲಿ ಸಾರ ತೆಗೆದರು. ಫಲ ಸಿಕ್ಕಿತು. 2015ರಲ್ಲಿ ನೊಬೆಲ್ ಬಂತು. ಗಿಡ ಅದೇ, ಎಲೆ ಅದೇ, ಬದಲಾದದ್ದು ಸಾರ ತೆಗೆದ ರೀತಿ.

ಎರಡನೆಯದು ತಟ್ಟೆಯ ಪರೀಕ್ಷೆ. 1966ರಲ್ಲಿ ಬಾವರ್, ಕರ್ಬಿ ಮತ್ತು ಜೊತೆಗಾರರು ಇದನ್ನು ಒಂದು ಕ್ರಮಕ್ಕೆ ತಂದರು. 4 ಮಿಲಿಮೀಟರ್ ದಪ್ಪದ ಮುಲ್ಲರ್ ಹಿಂಟನ್ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ತಟ್ಟೆಗೆ ಹಾಕುವ ಜೆಲ್ಲಿಯಂಥ ಪದಾರ್ಥ. ಅದರ ಮೇಲೆ ಗೊತ್ತಾದ ಸಾಂದ್ರತೆಯ ಬ್ಯಾಕ್ಟೀರಿಯಾ ಹರಡಬೇಕು. 6 ಮಿಲಿಮೀಟರಿನ ಬಿಲ್ಲೆ ಇಡಬೇಕು. 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಡಬೇಕು. ಮರುದಿನ ಸ್ಕೇಲ್ ಹಿಡಿದು ವೃತ್ತ ಅಳೆಯಬೇಕು. ಆಂಟಿಬಯಾಟಿಕ್‌ಗಳಿಗೆ ಇದು ಬಹಳ ಒಳ್ಳೆಯ ಪರೀಕ್ಷೆ. ಯಾಕೆಂದರೆ ಪ್ರತಿ ಔಷಧಕ್ಕೂ ಎಷ್ಟು ಮಿಲಿಮೀಟರ್ ಬಂದರೆ ರೋಗಿಗೆ ಕೆಲಸ ಮಾಡುತ್ತದೆ ಎಂದು ಪಟ್ಟಿ ಮಾಡಿಟ್ಟಿದ್ದಾರೆ.

ಗಿಡದ ಸಾರಕ್ಕೆ ಅಂಥ ಪಟ್ಟಿಯೇ ಇಲ್ಲ. 18 ಮಿಲಿಮೀಟರ್ ಬಂತು ಅಂದರೆ ಏನರ್ಥ? ಸುಮ್ನೆ 18 ಮಿಲಿಮೀಟರ್, ಅಷ್ಟೇ. ಎರಡು ಸಾರಗಳಲ್ಲಿ ಯಾವುದರ ವೃತ್ತ ದೊಡ್ಡದೋ ಅದು ಜೋರು ಎಂದು ಹೇಳುವ ಹಾಗೂ ಇಲ್ಲ. ಅಗರ್ ಅಂದರೆ ಹೆಚ್ಚು ಪಾಲು ನೀರು. ನೀರಿನಲ್ಲಿ ಕರಗುವ ಸಣ್ಣ ಅಣು ದೂರ ಹರಡುತ್ತದೆ, ದೊಡ್ಡ ವೃತ್ತ ಕೊಡುತ್ತದೆ. ಎಣ್ಣೆಯಂಥ ಅಣು ಬಿಲ್ಲೆ ಬಿಟ್ಟು ಕದಲುವುದೇ ಇಲ್ಲ. ಅದು ಎಷ್ಟೇ ಜೋರಾಗಿದ್ದರೂ ವೃತ್ತ ಚಿಕ್ಕದು.

ಇನ್ನೊಂದು ತಮಾಷೆ ಹೇಳುತ್ತೇನೆ. ಲೇಖನಗಳಲ್ಲಿ ಪಕ್ಕದಲ್ಲೇ ಸಿಪ್ರೊಫ್ಲಾಕ್ಸಸಿನ್ ಬಿಲ್ಲೆ ಇಟ್ಟು "ನಮ್ಮ ಸಾರ ಆಂಟಿಬಯಾಟಿಕ್‌ಗೆ ಸಮ" ಎಂದು ಬರೆಯುತ್ತಾರೆ. ಸಿಪ್ರೊ ಬಿಲ್ಲೆಯಲ್ಲಿ ಇರುವುದು 5 ಮೈಕ್ರೋಗ್ರಾಂ. ಸಾರದ ಬಿಲ್ಲೆಯಲ್ಲಿ 10 ಮಿಲಿಗ್ರಾಂ ಹಾಕಿರುತ್ತಾರೆ. ಎರಡು ಸಾವಿರ ಪಟ್ಟು ಜಾಸ್ತಿ! ಇದನ್ನು ಸಮ ಅನ್ನುವುದಾದರೆ ಲೆಕ್ಕವನ್ನೇ ಬಿಟ್ಟುಬಿಡಬೇಕು.

ಸುಳ್ಳು ವೃತ್ತ ಬರುವ ದಾರಿಗಳೂ ಹಲವು. ಸಾರ ಹುಳಿಯಾಗಿದ್ದರೆ ಆ ಹುಳಿಯೇ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಗಿಡದ ವಿಶೇಷ ಏನೂ ಇರುವುದಿಲ್ಲ. ಪಿಎಚ್ ಸರಿ ಮಾಡಿ ಮತ್ತೆ ನೋಡಿದರೆ ವೃತ್ತ ಮಾಯ. ಮೆಥನಾಲ್ ಪೂರ್ತಿ ಆರದೇ ಉಳಿದಿದ್ದರೆ ಅದೇ ಕೊಲ್ಲುತ್ತದೆ. ಟ್ಯಾನಿನ್ ಇದ್ದರೆ ಸಿಕ್ಕ ಪ್ರೋಟೀನನ್ನೆಲ್ಲ ಹಿಡಿದು ಗಟ್ಟಿ ಮಾಡುತ್ತದೆ, ಬ್ಯಾಕ್ಟೀರಿಯಾದ್ದಾದರೂ ಸರಿ, ನಮ್ಮದಾದರೂ ಸರಿ.

ಇವೆಲ್ಲಕ್ಕಿಂತ ನನಗೆ ಮರೆಯಲಾಗದ ಉದಾಹರಣೆ ಗ್ರೇಪ್‌ಫ್ರೂಟ್ ಎಂಬ ಚಕ್ಕೋತದಂಥ ಹಣ್ಣಿನ ಬೀಜದ ಸಾರದ್ದು. ಒಂದು ಕಾಲದಲ್ಲಿ ಇದಕ್ಕೆ ಬಹಳ ಹೆಸರಿತ್ತು. ಬ್ಯಾಕ್ಟೀರಿಯಾ, ಬೂಷ್ಟು, ಎಲ್ಲವನ್ನೂ ಕೊಲ್ಲುವ ನೈಸರ್ಗಿಕ ಸಾರ ಎಂದು ಮಾರುತ್ತಿದ್ದರು. ಲ್ಯಾಬಿನಲ್ಲಿ ಪರೀಕ್ಷಿಸಿದರೆ ನಿಜವಾಗಿಯೂ ಕೊಲ್ಲುತ್ತಿತ್ತು. 1999ರಲ್ಲಿ ಜರ್ಮನಿಯ ಸಂಶೋಧಕರು ಮಾರುಕಟ್ಟೆಯ ಆರು ಸಾರಗಳನ್ನು ತಂದು ಒಳಗೆ ಏನಿದೆ ಎಂದು ನೋಡಿದರು. ಐದರಲ್ಲಿ ಬೆಂಜೆಥೋನಿಯಂ ಕ್ಲೋರೈಡ್ ಇತ್ತು. ಅದು ಕೃತಕ ಸೋಂಕುನಾಶಕ. ಮೂರರಲ್ಲಿ ಟ್ರೈಕ್ಲೋಸಾನ್ ಮತ್ತು ಮೀಥೈಲ್ ಪ್ಯಾರಾಬೆನ್ ಕೂಡ ಇದ್ದವು. ಉಳಿದ ಒಂದರಲ್ಲಿ ಇಂಥದ್ದು ಏನೂ ಇರಲಿಲ್ಲ. ಆ ಒಂದು ಸಾರ ಒಂದು ಬ್ಯಾಕ್ಟೀರಿಯಾವನ್ನೂ ತಡೆಯಲಿಲ್ಲ! ಅವರೇ ಬೀಜದಿಂದ ಹೊಸದಾಗಿ ಸಾರ ತೆಗೆದು ನೋಡಿದರು. ಅದರಲ್ಲೂ ಏನೂ ಇಲ್ಲ. ತಟ್ಟೆ ಸುಳ್ಳು ಹೇಳಿರಲಿಲ್ಲ. ಅಲ್ಲಿ ಕೊಲ್ಲುವ ವಸ್ತು ಇತ್ತು. ಅದು ಬೀಜದಿಂದ ಬಂದದ್ದಾಗಿರಲಿಲ್ಲ, ಅಷ್ಟೇ.

ಹಾಗಾದರೆ ವೃತ್ತ ಬಿಟ್ಟು ಏನನ್ನು ನಂಬಬೇಕು? ಸಂಖ್ಯೆಯನ್ನು. ಎಂಐಸಿ ಎಂಬ ಅಳತೆ ಇದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ ಅದು. 96 ಪುಟ್ಟ ಗುಳಿಗಳಿರುವ ಪ್ಲೇಟಿನಲ್ಲಿ ಸಾರವನ್ನು ಅರ್ಧ, ಕಾಲು, ಅರೆಕಾಲು ಹೀಗೆ ತೆಳು ಮಾಡುತ್ತಾ ಹೋಗುತ್ತೀರಿ. ಪ್ರತಿ ಗುಳಿಗೂ ಒಂದೇ ಅಳತೆಯ ಬ್ಯಾಕ್ಟೀರಿಯಾ ಹಾಕುತ್ತೀರಿ. ಮರುದಿನ ಯಾವ ಗುಳಿಯವರೆಗೆ ತಿಳಿಯಾಗಿದೆ ನೋಡುತ್ತೀರಿ. ಸಾರವೇ ಹಸಿರು, ಕಂದು ಬಣ್ಣ ಇದ್ದರೆ ಕಣ್ಣಿಗೆ ತಿಳಿಯುವುದಿಲ್ಲ. ಆಗ ರೆಸಾಜುರಿನ್ ಎಂಬ ಬಣ್ಣ ಹಾಕುತ್ತಾರೆ. ಜೀವಂತ ಬ್ಯಾಕ್ಟೀರಿಯಾ ಇದ್ದರೆ ನೀಲಿ ಹೋಗಿ ಗುಲಾಬಿ ಆಗುತ್ತದೆ.

ಈ ಸಂಖ್ಯೆ ಎಷ್ಟಿರಬೇಕು? ಪೆನಿಸಿಲಿನ್‌ಗೆ ಬಗ್ಗುವ ಸ್ಟ್ಯಾಫಿಲೊಕಾಕಸ್ (ಚಿಕ್ಕದಾಗಿ ಸ್ಟ್ಯಾಫ್) ಎಂಬ ಬ್ಯಾಕ್ಟೀರಿಯಾವನ್ನು ತಡೆಯಲು ಒಂದು ಮಿಲಿಲೀಟರಿಗೆ 0.03 ಮೈಕ್ರೋಗ್ರಾಂ ಆಸುಪಾಸು ಪೆನಿಸಿಲಿನ್ ಸಾಕು. ಗಿಡದ ಕಚ್ಚಾ ಸಾರದಿಂದ ಅಷ್ಟು ನಿರೀಕ್ಷಿಸುವುದು ಅನ್ಯಾಯ. ಅದರಲ್ಲಿ ನೂರಾರು ವಸ್ತುಗಳಿರುತ್ತವೆ, ಕೆಲಸದ್ದು ಒಂದೋ ಎರಡೋ. ಈ ಕ್ಷೇತ್ರದವರೇ 2006ರಲ್ಲಿ ಒಂದು ಗೆರೆ ಎಳೆದರು. ಕಚ್ಚಾ ಸಾರವಾದರೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂಗಿಂತ ಕಡಿಮೆಯಲ್ಲಿ ಕೆಲಸ ಮಾಡಬೇಕು. ಆಗ ಮಾತ್ರ ಮುಂದೆ ನೋಡುವುದಕ್ಕೆ ಅರ್ಥ ಇದೆ ಎಂದರು. ಅದಕ್ಕೂ ಒಂದು ವರ್ಷ ಮೊದಲು ಇನ್ನಿಬ್ಬರು, 1 ಮಿಲಿಗ್ರಾಂ ದಾಟಿದರೆ ಪರೀಕ್ಷೆಯನ್ನೇ ಮಾಡಬೇಡಿ ಎಂದು ಬರೆದಿದ್ದರು. ಆದರೂ 5, 10, 50 ಮಿಲಿಗ್ರಾಂ ಎಂದು ಲೇಖನಗಳು ಬರುತ್ತಲೇ ಇವೆ.

ಈ ಗೆರೆ ಯಾಕೆ ಎಂದು ಅರ್ಥ ಮಾಡಿಕೊಳ್ಳಲು ಒಂದು ಗುಣಾಕಾರ ಸಾಕು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ. ಅಂದರೆ 5,000 ಮಿಲಿಲೀಟರ್. ಸಾರದ ಎಂಐಸಿ ಮಿಲಿಲೀಟರಿಗೆ 5 ಮಿಲಿಗ್ರಾಂ ಇದ್ದರೆ ರಕ್ತದಲ್ಲಿ ಒಂದೇ ಹೊತ್ತಿಗೆ 25 ಗ್ರಾಂ ಸಾರ ಇರಬೇಕು. ಹೊಟ್ಟೆಗೆ ಹೋದದ್ದಲ್ಲ, ರಕ್ತದಲ್ಲಿ ಇರುವುದು! ಹೊಟ್ಟೆಗೆ ಹೋದದ್ದರಲ್ಲಿ ಸ್ವಲ್ಪ ಕರುಳಿನಲ್ಲೇ ಉಳಿಯುತ್ತದೆ. ಸ್ವಲ್ಪವನ್ನು ಲಿವರ್ ಬದಲಾಯಿಸಿಬಿಡುತ್ತದೆ. ಉಳಿದದ್ದು ರಕ್ತದ ಅಲ್ಬುಮಿನ್‌ಗೆ ಅಂಟಿಕೊಳ್ಳುತ್ತದೆ. ರಕ್ತದಿಂದ ಸೋಂಕಿನ ಜಾಗಕ್ಕೆ ಹೋಗುವುದು ಬೇರೆ ಮಾತು. ಇಷ್ಟೆಲ್ಲ ದಾಟಿ ಆ ಪ್ರಮಾಣ ಮುಟ್ಟಬೇಕಾದರೆ ರೋಗಿ ತಿನ್ನಬೇಕಾದ್ದು ಎಷ್ಟು? ನೀವೇ ಯೋಚಿಸಿ. ಅಷ್ಟು ಹೊತ್ತಿಗೆ ಬ್ಯಾಕ್ಟೀರಿಯಾಗಿಂತ ಮೊದಲು ಮನುಷ್ಯನಿಗೇ ತೊಂದರೆ ಆಗಿರುತ್ತದೆ. ಸಪೋನಿನ್ ಎಂಬ ನೊರೆ ಬರಿಸುವ ವಸ್ತು ಹಲವು ಗಿಡಗಳಲ್ಲಿ ಇದೆ. ಅದು ನೇರವಾಗಿ ರಕ್ತಕ್ಕೆ ಸೇರಿದರೆ ಕೆಂಪು ಕಣಗಳನ್ನೇ ಒಡೆಯುತ್ತದೆ.

ಇದು ನನ್ನ ಮಾತಿನ ಅರ್ಧ ಭಾಗ. ಉಳಿದರ್ಧ ಹೆಚ್ಚು ಖುಷಿಯದ್ದು.

ಗಿಡದ ವಸ್ತುಗಳು ಇಷ್ಟು ದುರ್ಬಲ ಏಕೆ? ಇದಕ್ಕೆ ಉತ್ತರ ಬ್ಯಾಕ್ಟೀರಿಯಾದ ಗೋಡೆಯಲ್ಲಿದೆ. 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಬಗೆಯಾಗಿ ವಿಂಗಡಿಸುವ ದಾರಿ ತೋರಿಸಿದರು. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗೆ ದಪ್ಪ ಗೋಡೆ ಇದೆ, ಆದರೆ ಸಣ್ಣ ಅಣುಗಳು ಅದರೊಳಗೆ ನುಸುಳಬಲ್ಲವು. ಸ್ಟ್ಯಾಫಿಲೊಕಾಕಸ್ ಈ ಗುಂಪಿನದು. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಗೋಡೆ ತೆಳ್ಳಗೆ, ಆದರೆ ಅದರ ಹೊರಗೆ ಇನ್ನೊಂದು ಪೊರೆ ಇದೆ. ಎಣ್ಣೆಯಂಥ ಅಣುಗಳಿಗೆ ಅದು ದೊಡ್ಡ ಅಡ್ಡಿ. ಈ. ಕೋಲಿ, ಕ್ಲೆಬ್ಸಿಯೆಲ್ಲ, ಸ್ಯೂಡೊಮೊನಾಸ್ ಈ ಗುಂಪಿನವು. ಯಾವುದೇ ಗಿಡದ ಸಾರದ ಲೇಖನ ತೆಗೆದು ನೋಡಿ. ಸ್ಟ್ಯಾಫ್ ಮೇಲೆ ಒಳ್ಳೆಯ ಫಲ, ಸ್ಯೂಡೊಮೊನಾಸ್ ಮೇಲೆ ಸೊನ್ನೆ. ಹೆಚ್ಚು ಕಡಿಮೆ ಎಲ್ಲ ಕಡೆ ಇದೇ ಕಥೆ.

ಪೊರೆಯ ಜೊತೆಗೆ ಪಂಪ್‌ಗಳಿವೆ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೂತಿರುವ ಪ್ರೋಟೀನುಗಳು ಇವು. ಒಳಗೆ ಬಂದ ವಿಷವನ್ನು ಹೊರಗೆ ತಳ್ಳುವುದೇ ಇವುಗಳ ಕೆಲಸ. ತೂತು ಬಿದ್ದ ದೋಣಿಯಲ್ಲಿ ಕೂತವನು ನೀರು ಮೊಗೆದು ಹೊರಗೆ ಚೆಲ್ಲಿದ ಹಾಗೆ. ನೀರು ಬರುವುದಕ್ಕಿಂತ ಜೋರಾಗಿ ಚೆಲ್ಲಿದರೆ ದೋಣಿ ಮುಳುಗುವುದಿಲ್ಲ. ಒಂದೇ ಪಂಪ್ ಹತ್ತಾರು ಬಗೆಯ ವಿಷಗಳನ್ನು ಹೊರಗೆ ಹಾಕಬಲ್ಲದು.

ಇಲ್ಲಿಂದ ಮುಂದಿನದು ಈ ಕ್ಷೇತ್ರದಲ್ಲೇ ನನಗೆ ಅತ್ಯಂತ ಸೊಗಸಾಗಿ ಕಂಡ ಕೆಲಸ. ಬರ್ಬೆರಿಸ್ ಎಂಬ ಮುಳ್ಳಿನ ಪೊದೆಗಳಿವೆ. ಅವುಗಳ ಬೇರಿನ ಹಳದಿ ಬಣ್ಣಕ್ಕೆ ಕಾರಣ ಬರ್ಬೆರಿನ್. ಬರ್ಬೆರಿನ್ ಬ್ಯಾಕ್ಟೀರಿಯಾದ ಒಳಗೆ ಸೇರಿದರೆ ಕೊಲ್ಲಬಲ್ಲದು. ಆದರೆ ಸ್ಟ್ಯಾಫ್‌ನಲ್ಲಿ ನಾರ್‌ಎ ಎಂಬ ಪಂಪ್ ಇದೆ. ಅದು ಬರ್ಬೆರಿನ್ ಅನ್ನು ಒಳಗೆ ನಿಲ್ಲಗೊಡುವುದಿಲ್ಲ. ಹಾಗಾಗಿ ಶುದ್ಧ ಬರ್ಬೆರಿನ್ ಪರೀಕ್ಷಿಸಿದರೆ ಸಾಧಾರಣ ಫಲ. "ಅಂಥದ್ದೇನಿಲ್ಲ" ಎಂದು ಪಕ್ಕಕ್ಕೆ ಇಡಬಹುದಿತ್ತು. ಫ್ರಾಂಕ್ ಸ್ಟರ್ಮಿಟ್ಜ್, ಕಿಮ್ ಲೂಯಿಸ್ ಮತ್ತು ಜೊತೆಗಾರರು ಬೇರೆ ಪ್ರಶ್ನೆ ಕೇಳಿದರು. ಪಂಪ್ ಇದೆ ಎಂದು ಗಿಡಕ್ಕೆ "ಗೊತ್ತಿರಬೇಕಲ್ಲ"? ಅದು ಏನಾದರೂ ಉಪಾಯ ಮಾಡಿರಬೇಕಲ್ಲ? ಹುಡುಕಿದಾಗ ಅದೇ ಗಿಡಗಳಲ್ಲಿ ಇನ್ನೊಂದು ವಸ್ತು ಸಿಕ್ಕಿತು. 5 ಪ್ರೈಮ್ ಮೆಥಾಕ್ಸಿ ಹಿಡ್ನೊಕಾರ್ಪಿನ್ ಎಂದು ಅದರ ಉದ್ದನೆಯ ಹೆಸರು. ಅದನ್ನು ಒಂದೇ ಹಾಕಿದರೆ ಬ್ಯಾಕ್ಟೀರಿಯಾಗೆ ಏನೂ ಆಗುವುದಿಲ್ಲ. ಆದರೆ ಅದು ನಾರ್‌ಎ ಪಂಪನ್ನು ತಡೆಯುತ್ತದೆ. ಬರ್ಬೆರಿನ್ ಜೊತೆ ಹಾಕಿದರೆ ಬರ್ಬೆರಿನ್ ಒಳಗೇ ತುಂಬಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ. ಇದು ಪ್ರಕಟವಾದದ್ದು 2000ರಲ್ಲಿ.

ಯೋಚಿಸಿ ನೋಡಿ. ನಮ್ಮ ರೂಢಿಯ ವಿಧಾನ ಏನು? ಸಾರವನ್ನು ಭಾಗ ಭಾಗ ಮಾಡುವುದು, ಯಾವ ಭಾಗ ಕೊಲ್ಲುತ್ತದೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲುವುದು. ಈ ಗಿಡಕ್ಕೆ ಹಾಗೆ ಮಾಡಿದ್ದರೆ ಸಹಾಯಕನನ್ನೇ ಮೋರಿಗೆ ಚೆಲ್ಲುತ್ತಿದ್ದೆವು. ಎಷ್ಟು ಲ್ಯಾಬುಗಳಲ್ಲಿ ಎಷ್ಟು ಸಹಾಯಕರು ಹೀಗೆ ಮೋರಿ ಸೇರಿವೆಯೋ! "ಕಚ್ಚಾ ಸಾರ ಕೆಲಸ ಮಾಡಿತು, ಶುದ್ಧ ಮಾಡಿದಾಗ ಶಕ್ತಿ ಹೋಯಿತು" ಎಂಬ ದೂರು ಈ ಕ್ಷೇತ್ರದಲ್ಲಿ ಹಳೆಯದು. ಅದಕ್ಕೆ ಒಂದು ಕಾರಣ ಇಲ್ಲಿ ಸಿಕ್ಕಿತು.

2002ರಲ್ಲಿ ಲೂಯಿಸ್ ಮತ್ತು ಜೊತೆಗಾರರು ಇನ್ನೂ ಮುಂದೆ ಹೋದರು. ಹಲವು ಗಿಡಗಳ ವಸ್ತುಗಳನ್ನು ತೆಗೆದುಕೊಂಡರು. ಬ್ಯಾಕ್ಟೀರಿಯಾಗಳ ಪಂಪ್ ಕೆಡಿಸಿ, ಆಮೇಲೆ ಪರೀಕ್ಷಿಸಿದರು. ದುರ್ಬಲ ಎಂದುಕೊಂಡಿದ್ದ ವಸ್ತುಗಳಲ್ಲಿ ಹೆಚ್ಚಿನವು ಗ್ರಾಂ ನೆಗೆಟಿವ್‌ಗಳ ಮೇಲೂ ಜೋರಾಗಿ ಕೆಲಸ ಮಾಡಿದವು. ರೂಬಾರ್ಬ್ ಗಿಡದ ರೈನ್ ಎಂಬ ವಸ್ತುವಿನ ಶಕ್ತಿ, ಬ್ಯಾಕ್ಟೀರಿಯಾ ಯಾವುದು ಎನ್ನುವುದರ ಮೇಲೆ, 100ರಿಂದ 2,000 ಪಟ್ಟು ಏರಿತು. ಅಂದರೆ ಗಿಡದ ವಿಷ ದುರ್ಬಲವಲ್ಲ. ಅದನ್ನು ಒಳಗೆ ಉಳಿಸಿಕೊಳ್ಳುವ ಜೊತೆಗಾರ ಬೇಕು.

ಹಾಗಂತ ಪಂಪ್ ತಡೆಯುವ ಔಷಧ ಆಸ್ಪತ್ರೆಗೆ ಬಂದಿದೆಯಾ ಅಂದರೆ ಇನ್ನೂ ಇಲ್ಲ. ಸರ್ಪಗಂಧದಲ್ಲಿರುವ ರಿಸರ್ಪಿನ್ ಕೂಡ ನಾರ್‌ಎ ಪಂಪನ್ನು ತಡೆಯುತ್ತದೆ. ಆದರೆ ಅದಕ್ಕೆ ಬೇಕಾದ ಪ್ರಮಾಣದಲ್ಲಿ ಕೊಟ್ಟರೆ ನರಮಂಡಲಕ್ಕೆ ವಿಷವಾಗುತ್ತದೆ. ಮತ್ತೆ ಅದೇ ಸಂಖ್ಯೆಯ ಸಮಸ್ಯೆ.

ಇನ್ನೊಂದು ದಾರಿ ಇದೆ. ಕೊಲ್ಲದೇ ತಡೆಯುವುದು. ಮೂತ್ರನಾಳದ ಸೋಂಕಿಗೆ ಹೆಚ್ಚಾಗಿ ಕಾರಣ ಈ. ಕೋಲಿ. ಅದು ಮೊದಲು ಒಳಗೋಡೆಗೆ ಅಂಟಿಕೊಳ್ಳಬೇಕು, ಇಲ್ಲದಿದ್ದರೆ ಮೂತ್ರದ ಜೊತೆ ಕೊಚ್ಚಿಹೋಗುತ್ತದೆ. ಕ್ರ್ಯಾನ್‌ಬೆರಿ ಹಣ್ಣಿನಲ್ಲಿರುವ ಒಂದು ಬಗೆಯ ಪ್ರೊಆಂಥೊಸಯನಿಡಿನ್ ಈ ಅಂಟಿಕೊಳ್ಳುವಿಕೆಗೆ ಅಡ್ಡಿ ಮಾಡುತ್ತದೆ. ಹಲವು ಪ್ರಯೋಗಗಳ ಫಲವನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಪದೇ ಪದೇ ಸೋಂಕು ಬರುವ ಮಹಿಳೆಯರಲ್ಲಿ ಕ್ರ್ಯಾನ್‌ಬೆರಿ ಉತ್ಪನ್ನಗಳು ಆ ಅಪಾಯವನ್ನು ಸುಮಾರು ಕಾಲು ಭಾಗ ಕಡಿಮೆ ಮಾಡಿವೆ. ಆರೈಕೆ ಕೇಂದ್ರಗಳಲ್ಲಿರುವ ವಯಸ್ಸಾದವರಲ್ಲಿ ಅಂಥ ಲಾಭ ಕಾಣಲಿಲ್ಲ. ಒಂದು ಮಾತು ನೆನಪಿಡಿ, ಇದು ಬರದಂತೆ ತಡೆಯುವ ಮಾತು. ಬಂದ ಸೋಂಕಿಗೆ ಇದು ಚಿಕಿತ್ಸೆ ಅಲ್ಲ.

ಸ್ಟ್ಯಾಫ್ ಕಥೆಯೂ ಇದೇ ಜಾತಿಯದು. ಬ್ಯಾಕ್ಟೀರಿಯಾಗಳು ತಮ್ಮ ಸಂಖ್ಯೆ ಸಾಕಷ್ಟಾದ ಮೇಲೆ ಒಂದಕ್ಕೊಂದು ರಸಾಯನಿಕ ಸಂಕೇತ ಕೊಟ್ಟುಕೊಂಡು ಒಟ್ಟಿಗೆ ವಿಷ ಬಿಡುತ್ತವೆ. 2015ರಲ್ಲಿ ಕಸಾಂಡ್ರ ಕ್ವೇವ್ ಅವರ ತಂಡ ಯುರೋಪಿನ ಚೆಸ್ಟ್‌ನಟ್ ಮರದ ಎಲೆಯ ಸಾರವನ್ನು ನೋಡಿತು. ಇಟಲಿಯ ಹಳ್ಳಿಗಳಲ್ಲಿ ಅದನ್ನು ಚರ್ಮದ ಉರಿಗೆ ಬಳಸುತ್ತಿದ್ದರು. ಆ ಸಾರ ಸ್ಟ್ಯಾಫ್ ಅನ್ನು ಕೊಲ್ಲಲಿಲ್ಲ. ಅದರ ಸಂಕೇತ ವ್ಯವಸ್ಥೆಯನ್ನು ಮುಚ್ಚಿತು. ಬ್ಯಾಕ್ಟೀರಿಯಾ ಬದುಕಿತ್ತು, ವಿಷ ಬಿಡಲಿಲ್ಲ. ಇಲಿಗಳ ಚರ್ಮದಲ್ಲಿ ಗಾಯ ಕಡಿಮೆಯಾಯಿತು. ನಮ್ಮ ವೃತ್ತದ ಪರೀಕ್ಷೆಗೆ ಈ ಎಲೆಯನ್ನು ಹಾಕಿದರೆ ಏನು ಬರೆಯುತ್ತಿದ್ದೆವು? "ಫಲ ಇಲ್ಲ."

ಗಿಡದ ವಸ್ತುಗಳು ಈಗಾಗಲೇ ಗೆದ್ದಿರುವ ಜಾಗ ಒಂದಿದೆ. ಅದು ಮೈಯ ಹೊರಭಾಗ. ಚರ್ಮ, ಬಾಯಿ. ಅಲ್ಲಿ ಬೇಕಾದ ಪ್ರಮಾಣವನ್ನು ನೇರವಾಗಿ ಹಾಕಬಹುದು. ಥೈಮ್ ಎಂಬ ಗಿಡದ ಎಣ್ಣೆಯಲ್ಲಿ ಥೈಮಾಲ್ ಎಂಬ ವಸ್ತು ಇದೆ. ಲಿಸ್ಟರಿನ್ ಬಾಯಿ ಮುಕ್ಕಳಿಸುವ ದ್ರಾವಣದಲ್ಲಿ ಅದು ಶೇ. 0.064 ಇದೆ. ಅಂದರೆ ಮಿಲಿಲೀಟರಿಗೆ 0.64 ಮಿಲಿಗ್ರಾಂ. ರಕ್ತದಲ್ಲಿ ಇದು ಆಗದ ಮಾತು. ಬಾಯಲ್ಲಿ ಅರ್ಧ ನಿಮಿಷ ಇಟ್ಟು ಉಗುಳುವುದಕ್ಕೆ ಏನೂ ಕಷ್ಟ ಇಲ್ಲ. ಥೈಮಾಲ್, ಕಾರ್ವಕ್ರಾಲ್, ಲವಂಗದ ಯೂಜೆನಾಲ್ ಇವೆಲ್ಲ ಬ್ಯಾಕ್ಟೀರಿಯಾದ ಪೊರೆಯನ್ನು ಸೋರುವಂತೆ ಮಾಡುತ್ತವೆ.

ಗಾಯಕ್ಕೆ ಸಂಬಂಧಿಸಿದ ಇನ್ನೊಂದು ಪ್ರಯೋಗ ಹೇಳಿ ನಿಲ್ಲಿಸುತ್ತೇನೆ. ಸುಮಾರು ಸಾವಿರ ವರ್ಷ ಹಳೆಯ ಇಂಗ್ಲಿಷ್ ಹಸ್ತಪ್ರತಿಯೊಂದರಲ್ಲಿ ಕಣ್ಣಿನ ಕುರುವಿಗೆ ಒಂದು ಮದ್ದು ಬರೆದಿದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಇನ್ನೊಂದು ಗಡ್ಡೆ, ವೈನ್, ಎತ್ತಿನ ಪಿತ್ತ. ಎಲ್ಲ ಸೇರಿಸಿ ಒಂಬತ್ತು ದಿನ ಇಡಬೇಕು. 2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಬರೆದ ಹಾಗೆಯೇ ಮಾಡಿ, ಔಷಧಕ್ಕೆ ಬಗ್ಗದ ಸ್ಟ್ಯಾಫ್ ಮೇಲೆ ಹಾಕಿದರು. ಬಹುಪಾಲು ಸತ್ತಿತು. ಮುಂದೆ 2020ರಲ್ಲಿ ಬಂದ ಕೆಲಸ ಇನ್ನೂ ಸ್ಪಷ್ಟ. ದ್ರವದಲ್ಲಿ ತೇಲಾಡುವ ಬ್ಯಾಕ್ಟೀರಿಯಾವನ್ನು ಕೊಲ್ಲಲು ಅಲಿಸಿನ್ ಒಂದೇ ಸಾಕಿತ್ತು. ಆದರೆ ಲೋಳೆಯ ಪದರ ಕಟ್ಟಿಕೊಂಡು ಕೂತ ಬ್ಯಾಕ್ಟೀರಿಯಾಗೆ, ಅಂದರೆ ಬಯೋಫಿಲ್ಮ್‌ಗೆ, ಎಲ್ಲ ಪದಾರ್ಥಗಳೂ ಒಟ್ಟಿಗೆ ಬೇಕಾದವು. ಒಂದನ್ನು ಬಿಟ್ಟರೂ ಆಗಲಿಲ್ಲ. ಹಳೆಯ ಮದ್ದುಗಳೆಲ್ಲ ಸರಿ ಎಂದು ಇದರಿಂದ ಹೇಳಲಾಗದು. ಹೆಚ್ಚಿನವು ಸರಿ ಇರಲಿಕ್ಕಿಲ್ಲ. ಮಿಶ್ರಣವನ್ನು ಮಿಶ್ರಣವಾಗಿಯೇ ಪರೀಕ್ಷಿಸಬೇಕು ಎಂದು ಮಾತ್ರ ಹೇಳಬಹುದು.

ಪ್ರಶ್ನೆಗಳು

"ಸರ್, ಗಿಡದ ಸಾರದಲ್ಲಿ ಹಲವು ವಸ್ತುಗಳು ಇರುವುದರಿಂದ ಬ್ಯಾಕ್ಟೀರಿಯಾ ಅದಕ್ಕೆ ಹೊಂದಿಕೊಳ್ಳುವುದಿಲ್ಲ ಅಂತಾರಲ್ಲ, ನಿಜವಾ?"

ಕಷ್ಟವಾಗುತ್ತದೆ, ಆದರೆ ಆಗುವುದೇ ಇಲ್ಲ ಎನ್ನಬೇಡಿ. ಸಂಶೋಧಕರು ಬೆಳ್ಳುಳ್ಳಿ ಎಸಳಿನಿಂದಲೇ ಒಂದು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದಾರೆ. ಅದು ಅಲಿಸಿನ್‌ಗೆ ಜಗ್ಗುವುದಿಲ್ಲ. ಅಲಿಸಿನ್ ತಾಳಿಕೊಳ್ಳುವ ಜೀನುಗಳ ಕಟ್ಟೇ ಅದರಲ್ಲಿದೆ. ಬೆಳ್ಳುಳ್ಳಿಯೊಳಗೆ ಮನೆ ಮಾಡಿಕೊಂಡವನಿಗೆ ಅದು ಬೇಕೇ ಬೇಕಲ್ವಾ?

"ನೈಸರ್ಗಿಕ ಅಂದಮೇಲೆ ಅಡ್ಡಪರಿಣಾಮ ಕಡಿಮೆ ಅಲ್ವಾ?"

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಬೆಲ್ಜಿಯಂನಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಬಂದ ಮಹಿಳೆಯರ ಕಿಡ್ನಿ ಕೆಟ್ಟುಹೋದದ್ದು 1993ರಲ್ಲಿ ವರದಿಯಾಯಿತು. ಗುಳಿಗೆಯಲ್ಲಿ ಸ್ಟೆಫಾನಿಯಾ ಎಂಬ ಗಿಡ ಇರಬೇಕಿತ್ತು. ಚೀನೀ ಹೆಸರುಗಳು ಹತ್ತಿರ ಹತ್ತಿರ ಇದ್ದದ್ದರಿಂದ ಅರಿಸ್ಟೊಲೋಕಿಯಾ ಸೇರಿಬಿಟ್ಟಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳು ಮಾಡುತ್ತದೆ, ಕ್ಯಾನ್ಸರನ್ನೂ ತರುತ್ತದೆ. ಎರಡೂ ನೈಸರ್ಗಿಕ ಗಿಡಗಳೇ. ದಯವಿಟ್ಟು ಜ್ವರ, ಸೋಂಕು ಇರುವವರು ವೈದ್ಯರು ಬರೆದ ಔಷಧ ನಿಲ್ಲಿಸಿ ಸಾರ ಕುಡಿಯಲು ಹೋಗಬೇಡಿ.

"ನಾನು ಎಂಎಸ್ಸಿ ಪ್ರಾಜೆಕ್ಟಿಗೆ ಒಂದು ಗಿಡ ಆರಿಸಿಕೊಂಡಿದ್ದೇನೆ. ನಿಮ್ಮ ಮಾತು ಕೇಳಿ ಭಯ ಆಗ್ತಿದೆ. ಏನು ಮಾಡಲಿ?"

ಭಯ ಬೇಡಮ್ಮ, ಗಿಡವನ್ನು ಬಿಡುವುದೂ ಬೇಡ. ಮೊದಲು ಗಿಡವನ್ನು ಸಸ್ಯಶಾಸ್ತ್ರ ಗೊತ್ತಿರುವವರಿಂದ ಗುರುತಿಸಿಕೊಂಡು, ಒಂದು ಒಣಗಿಸಿದ ಮಾದರಿಯನ್ನು ಹರ್ಬೇರಿಯಂಗೆ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹಕ್ಕೆ, ಕೊಟ್ಟು ಅದರ ನಂಬರ್ ಪಡೆಯಿರಿ. ಯಾವ ತಿಂಗಳು, ಎಲೆಯಾ, ತೊಗಟೆಯಾ, ಎಲ್ಲ ಬರೆದಿಡಿ. ಥೈಮ್ ಗಿಡವನ್ನೇ ನೋಡಿ, ಒಂದೇ ಜಾತಿಯಲ್ಲಿ ಕೆಲವು ಗಿಡಗಳ ಎಣ್ಣೆಯಲ್ಲಿ ಥೈಮಾಲ್ ಜಾಸ್ತಿ, ಕೆಲವುದರಲ್ಲಿ ಲಿನಲೂಲ್ ಜಾಸ್ತಿ. ಹೆಸರೊಂದೇ ಇದ್ದರೆ ಸಾಲದು. ವೃತ್ತದ ಪರೀಕ್ಷೆ ಬೇಕಾದರೆ ಮಾಡಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಎಂಐಸಿ ತೆಗೆಯಿರಿ. ಸಾರ ಇಲ್ಲದೆ ಸಾಲ್ವೆಂಟ್, ಅಂದರೆ ಸಾರ ಕರಗಿಸುವ ದ್ರಾವಕ, ಮಾತ್ರ ಹಾಕಿದ ಗುಳಿ ಇರಲೇಬೇಕು. ಪಿಎಚ್ ನೋಡಿ. ಎಲ್ಲವನ್ನೂ ಮೂರು ಸಲವಾದರೂ ಬೇರೆ ಬೇರೆ ದಿನ ಮಾಡಿ. ಎಂಐಸಿ 1 ಮಿಲಿಗ್ರಾಂ ದಾಟಿದರೆ ಬೇಸರ ಮಾಡಿಕೊಳ್ಳದೆ ಹಾಗೆಯೇ ಬರೆಯಿರಿ. ಆಮೇಲೆ, ಸಾಧ್ಯವಾದರೆ, ಕೊಲ್ಲದ ಭಾಗಗಳನ್ನು ಚೆಲ್ಲುವ ಮೊದಲು ಒಂದು ಆಂಟಿಬಯಾಟಿಕ್ ಜೊತೆ ಸೇರಿಸಿ ಇನ್ನೊಮ್ಮೆ ಪ್ಲೇಟ್ ಹಾಕಿ. ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ, ಒಂದನ್ನು ಅಡ್ಡಸಾಲಿನಲ್ಲಿ, ಇನ್ನೊಂದನ್ನು ಉದ್ದಸಾಲಿನಲ್ಲಿ ತೆಳು ಮಾಡುತ್ತಾ ಹೋದರೆ ಸಾಕು. ಇದಕ್ಕೆ ಚೆಕರ್‌ಬೋರ್ಡ್ ಅನ್ನುತ್ತಾರೆ. ಹೊಸ ಯಂತ್ರ ಏನೂ ಬೇಡ. ನಿಮ್ಮ ಹತ್ತಿರ ಇರುವ ಅದೇ 96 ಗುಳಿಗಳ ಪ್ಲೇಟಿನಲ್ಲೇ ಆಗುತ್ತದೆ.